ಶಾಲೆಯ ಕೊಳಗ

ಸಾಗರ ತಾಲ್ಲೂಕಿನ ಕಾಗೋಡು ಗ್ರಾಮದ ಹೆಸರನ್ನು ತಾವು ಕೇಳಿರಬಹುದು. 1951ರಲ್ಲಿ ಅಲ್ಲಿಯ ಗೇಣಿದಾರರು ಸತ್ಯಾಗ್ರಹ ಹೂಡಿದರು. ರಾಮಮನೋಹರ ಲೋಹಿಯಾ ಅವರು ಅಲ್ಲಿಗೆ ಬಂದು ಬಂಧಿತರಾದ ಮೇಲೆ ಆ ಸುದ್ದಿ ದೇಶವನ್ನೆಲ್ಲ ಮುಟ್ಟಿತು. ಆ ಕಲಹದ ಬೇರಿನಲ್ಲಿದ್ದುದು ಒಂದು ಕೊಳಗ. ಒಕ್ಕಲು ಬೆಳೆದ ಬತ್ತವನ್ನು ಗೇಣಿಗಾಗಿ ಅಳೆದುಕೊಳ್ಳುತ್ತಿದ್ದ ಕೊಳಗವು ನ್ಯಾಯವಾದ ಪ್ರಮಾಣಕ್ಕಿಂತ ದೊಡ್ಡದು ಎಂಬುದು ಗೇಣಿದಾರರ ಮುಖ್ಯವಾದ ದೂರು. ಎಷ್ಟು ದುಡಿದರೂ ಅಳತೆ ಇನ್ನೊಬ್ಬರದಾದರೆ ದುಡಿಯುವವನಿಗೆ ಉತ್ಸಾಹವೆಲ್ಲಿಂದ ಬರಬೇಕು?

ನಾನು ಈ ಹೊತ್ತು ಮಾತನಾಡಬೇಕಾದುದು ಗೇಣಿಯ ವಿಚಾರವಲ್ಲ, ಶಾಲೆಯ ವಿಚಾರ. ಮಕ್ಕಳಲ್ಲಿ ಸಾಧಿಸಬೇಕೆಂಬ ಹಂಬಲವನ್ನು ಉಪಾಧ್ಯಾಯರು ಹುಟ್ಟಿಸುವುದು ಹೇಗೆ, ಆ ಹಂಬಲ ಇಡೀ ತರಗತಿಯ ಸ್ವಭಾವವೇ ಆಗುವಂತೆ ಮಾಡುವುದು ಹೇಗೆ, ಎಂಬುದು ಪ್ರಶ್ನೆ. ಆದರೆ ಈ ಪ್ರಶ್ನೆಯನ್ನು ಸ್ವಲ್ಪ ಕೆದಕಿದರೆ ಅಲ್ಲಿಯೂ ಒಂದು ಕೊಳಗ ಕಾಣಿಸಿಕೊಳ್ಳುತ್ತದೆ. ನಲವತ್ತು ಮಕ್ಕಳಿಗೆ ಒಂದೇ ಪಾಠ, ಒಂದೇ ದಿನ ಪರೀಕ್ಷೆ, ಒಂದೇ ಅಂಕಪಟ್ಟಿ. ಮೊದಲನೆಯವನಿಗೆ ಬಹುಮಾನ, ಎರಡನೆಯವನಿಗೆ ಅಸೂಯೆ, ಉಳಿದ ಮೂವತ್ತೆಂಟು ಮಂದಿಗೆ ಚಪ್ಪಾಳೆ ತಟ್ಟುವ ಕೆಲಸ. ಇದನ್ನೇ ನಾವು ಸ್ಪರ್ಧೆಯೆಂದು ಕರೆದು, ಅದರಿಂದ ಎಲ್ಲರಿಗೂ ಹುರುಪು ಬರುತ್ತದೆಂದು ನಂಬಿಕೊಂಡು ಬಂದಿದ್ದೇವೆ. ಗೆಲ್ಲುವ ಸಂಭವವೇ ಇಲ್ಲದವನಿಗೆ ಓಟದಲ್ಲಿ ಯಾವ ಹುರುಪು?

ನಗರದಲ್ಲಿರುವ ತಮಗೆ ಶಾಲೆಯೆಂದರೆ ಗಂಟೆ, ಸಮವಸ್ತ್ರ, ತರಗತಿಗೊಂದು ಕೊಠಡಿ ನೆನಪಾಗುತ್ತದೆ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಒಳನಾಡಿನ ಕಿರಿಯ ಪ್ರಾಥಮಿಕ ಶಾಲೆಯ ಸ್ಥಿತಿಯೇ ಬೇರೆ. ಅಲ್ಲಿ ಮನೆಗಳು ಗುಂಪಾಗಿರುವುದಿಲ್ಲ. ತೋಟದ ತಲೆಯಲ್ಲೊಂದು, ಗದ್ದೆಯಾಚೆ ಇನ್ನೊಂದು. ನಡುವೆ ಕಾಡು, ಹಳ್ಳ. ಹಳ್ಳಕ್ಕೆ ಅನೇಕ ಕಡೆ ಕಾಲುಸಂಕವೇ ಗತಿ. ಹೊಸನಗರ ತಾಲ್ಲೂಕಿನ ಹುಲಿಕಲ್ಲಿನಲ್ಲಿಯೂ ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿಯೂ ಬೀಳುವ ಮಳೆಯನ್ನು ಬಲ್ಲವರಿಗೆ ಜುಲೈ ತಿಂಗಳ ಹಾಜರಿಪಟ್ಟಿ ಹೇಗಿರುತ್ತದೆಂದು ವಿವರಿಸಬೇಕಾಗಿಲ್ಲ. 1964ರ ಲಿಂಗನಮಕ್ಕಿ ಅಣೆಕಟ್ಟಿನಿಂದ ಶರಾವತಿಯ ಹಿನ್ನೀರು ಹರಡಿದ ಮೇಲೆ ಸಾಗರ ತಾಲ್ಲೂಕಿನ ತುಮರಿಯ ಕಡೆಯವರು ಪೇಟೆಗೆ ಬರಲು ಲಾಂಚನ್ನು ಕಾಯಬೇಕಾಯಿತು; ಅಂಬಾರಗೋಡ್ಲು ಕಳಸವಳ್ಳಿಗಳ ನಡುವೆ ಸೇತುವೆ ತೆರೆದುದು 2025ರಲ್ಲಿ. ಇಂಥ ಕಡೆಗಳಲ್ಲಿ ಶಾಲೆಯೆಂದರೆ ಹಲವೊಮ್ಮೆ ಹದಿನೈದೋ ಇಪ್ಪತ್ತೋ ಮಕ್ಕಳು, ಒಬ್ಬರೋ ಇಬ್ಬರೋ ಉಪಾಧ್ಯಾಯರು. ಒಂದೇ ಕೊಠಡಿಯಲ್ಲಿ ಮೂರು ತರಗತಿ.

ಅಲ್ಲಿಗೆ ಬರುವ ಮಕ್ಕಳು ಯಾರು? 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಉಳುವವನೇ ಹೊಲದೊಡೆಯನಾದ ಮೇಲೆ ಗೇಣಿದಾರರ ಮೊಮ್ಮಕ್ಕಳು ಬಂದರು. ತೋಟದ ಕೂಲಿಯವರ ಮಕ್ಕಳೂ ಬಂದರು. ಇವರಲ್ಲಿ ಅನೇಕರಿಗೆ ಮನೆಯಲ್ಲಿ ಪಾಠ ಹೇಳಿಕೊಡುವವರಿಲ್ಲ. ಅಡಿಕೆಯ ಕೊಯ್ಲಿನಲ್ಲಿ ಉದುರಡಿಕೆ ಹೆಕ್ಕಲಿಕ್ಕೋ, ತಂಗಿಯನ್ನು ನೋಡಿಕೊಳ್ಳಲಿಕ್ಕೋ ಮನೆಯಲ್ಲಿ ನಿಂತುಬಿಡುವುದೂ ಉಂಟು. ಎರಡು ವಾರ ಬಿಟ್ಟು ಬಂದ ಹುಡುಗನಿಗೆ ತರಗತಿ ಎಷ್ಟೋ ಮುಂದೆ ಹೋಗಿರುತ್ತದೆ. ಅವನು ದಡ್ಡನಲ್ಲ; ಕೊಳಗ ಅವನನ್ನು ದಡ್ಡನೆಂದು ಅಳೆಯುತ್ತದೆ. ಕೆಲವು ತಿಂಗಳಲ್ಲಿ ಅವನೂ ಅದನ್ನು ನಂಬುತ್ತಾನೆ. ಈ ನಂಬಿಕೆಯೇ ನಿಜವಾದ ಅನಾಹುತ.

ಇಂಥ ಮಕ್ಕಳ ಮುಂದೆ ನಿಂತು ಉಪಾಧ್ಯಾಯರು ಸಾಮಾನ್ಯವಾಗಿ ಕೊಡುವ ಉಪದೇಶವೊಂದುಂಟು: ನೀವೂ ಕುವೆಂಪು ಆಗಬೇಕು, ಅನಂತಮೂರ್ತಿ ಆಗಬೇಕು. ಜ್ಞಾನಪೀಠವನ್ನು ಪಡೆದ ಈ ಇಬ್ಬರೂ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಬೆಳೆದವರೆಂಬುದು ಹೆಮ್ಮೆಯ ಮಾತೇ. ಆದರೆ ಎಂಟು ವರ್ಷದ ಮಗುವಿಗೆ ಇದರಿಂದಾಗುವ ಪ್ರಯೋಜನ ಅಲ್ಪವೆಂದು ನನ್ನ ಅಭಿಪ್ರಾಯ. ಶಿಖರವನ್ನು ತೋರಿಸಿದರೆ ಸಾಲದು. ಈ ಹೊತ್ತು ಕಾಲಿಡಬೇಕಾದ ಮೆಟ್ಟಿಲು ಕಾಣಬೇಕು. ಕುವೆಂಪು ಅವರಿಗಾದರೂ ಮೊದಲು ದೊರೆತುದು ಕುಪ್ಪಳಿಯ ಮನೆಯಲ್ಲಿ ಹಿರಿಯರು ನೇಮಿಸಿದ್ದ ಒಬ್ಬ ಉಪಾಧ್ಯಾಯರು ಮತ್ತು ತೀರ್ಥಹಳ್ಳಿಯ ಒಂದು ಶಾಲೆ, ಅಷ್ಟೇ.

ಮೆಟ್ಟಿಲನ್ನು ಕಾಣಿಸುವ ಏರ್ಪಾಡೊಂದು ನಮ್ಮ ನಾಡಿನಲ್ಲಿಯೇ ಹುಟ್ಟಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳ ಕೆಲವರು ಉಪಾಧ್ಯಾಯರು ಆಂಧ್ರದ ಮದನಪಲ್ಲಿಗೆ ಸಮೀಪದ ರಿಷಿವ್ಯಾಲಿಗೆ ಹೋಗಿ ಅಲ್ಲಿಯ ಗ್ರಾಮಶಾಲೆಗಳ ಪದ್ಧತಿಯನ್ನು ನೋಡಿ ಬಂದರು. ಯೂನಿಸೆಫ್ ಸಂಸ್ಥೆಯ ನೆರವಿನಿಂದ ಅದನ್ನು ಕನ್ನಡದ ಮಕ್ಕಳಿಗೆ ಒಗ್ಗಿಸಿಕೊಂಡರು. ಅದೇ ನಲಿಕಲಿ. 2009ರಿಂದ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ವಿಸ್ತರಿಸಿತು. ಒಬ್ಬ ಉಪಾಧ್ಯಾಯರು ಹಲವು ತರಗತಿಗಳನ್ನು ಒಟ್ಟಿಗೆ ನೋಡಿಕೊಳ್ಳಬೇಕಾದ ಮಲೆನಾಡಿನಂಥ ಕಡೆಗೆ ಹೇಳಿ ಮಾಡಿಸಿದಂತಿದೆ ಇದು.

ಇದರ ವ್ಯವಸ್ಥೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಪಾಠವನ್ನೆಲ್ಲ ಸಣ್ಣ ಸಣ್ಣ ಚಟುವಟಿಕೆಗಳಾಗಿ ಒಡೆದು ಕಾರ್ಡುಗಳಲ್ಲಿ ಬರೆದಿದೆ. ಗೋಡೆಯ ಮೇಲೆ ಕಲಿಕೆಯ ಏಣಿ, ಏಣಿಯಲ್ಲಿ ಮೈಲಿಗಲ್ಲುಗಳು. ಮಗು ತಾನು ಯಾವ ಮೆಟ್ಟಿಲಿನಲ್ಲಿದ್ದೇನೆಂದು ತಾನೇ ನೋಡಿಕೊಂಡು, ತನ್ನ ಕಾರ್ಡನ್ನು ತಾನೇ ಹುಡುಕಿ ತೆಗೆದುಕೊಂಡು, ಅದಕ್ಕೆ ತಕ್ಕ ಗುಂಪಿನಲ್ಲಿ ಕುಳಿತುಕೊಳ್ಳುತ್ತದೆ. ಹೊಸದನ್ನು ಕಲಿಯುವವರ ಗುಂಪಿನ ಜತೆ ಉಪಾಧ್ಯಾಯರು. ಸ್ವಲ್ಪ ತಿಳಿದವರಿಗೆ ಜತೆಯ ಮಕ್ಕಳ ಸಹಾಯ. ಚೆನ್ನಾಗಿ ತಿಳಿದವರು ತಾವೇ ಕಲಿಯುತ್ತಾರೆ. ಎಲ್ಲರೂ ನೆಲದ ಮೇಲೆ. ಕೈಗೆಟುಕುವ ಎತ್ತರದಲ್ಲಿ ಮಕ್ಕಳಿಗೇ ಮೀಸಲಾದ ಕರಿಹಲಗೆ. ತಲೆಯ ಮೇಲೆ ದಾರದ ಚಪ್ಪರ. ಅದರಿಂದ ಮಕ್ಕಳು ಬರೆದ ಚಿತ್ರಗಳೂ ಮಾಡಿದ ವಸ್ತುಗಳೂ ತೂಗಾಡುತ್ತಿರುತ್ತವೆ. ಮದುವೆಮನೆಯ ಚಪ್ಪರವನ್ನು ಬಲ್ಲ ಮಗುವಿಗೆ ಆ ಹೆಸರಿನಲ್ಲಿಯೇ ಒಂದು ಸಂಭ್ರಮವಿರಬೇಕು. ಅಲ್ಲಿ ತೂಗುವುದು ಮೊದಲನೆಯವನ ಚಿತ್ರ ಮಾತ್ರವಲ್ಲ.

ಇದರ ಗುಟ್ಟೇನು? ಅಳತೆ ಮಗುವಿನ ಕಣ್ಣಿಗೆ ಕಾಣುವ ಹಾಗಿದೆ, ಮತ್ತು ಮಗು ತನ್ನ ನಿನ್ನೆಯೊಡನೆಯೇ ಹೋಲಿಕೆಗೆ ನಿಂತಿದೆ. ಮನಶ್ಶಾಸ್ತ್ರಜ್ಞರ ಪ್ರಯೋಗಗಳೂ ಇದರ ಕಡೆಗೇ ಕೈತೋರಿಸುತ್ತವೆ. 1973ರಲ್ಲಿ ಅಮೆರಿಕದ ಲೆಪ್ಪರ್ ಮೊದಲಾದವರು, ಚಿತ್ರ ಬರೆಯುವುದರಲ್ಲಿ ಸಹಜವಾದ ಆಸಕ್ತಿಯಿದ್ದ ಪುಟ್ಟ ಮಕ್ಕಳಲ್ಲಿ ಕೆಲವರಿಗೆ ಬಹುಮಾನದ ಆಸೆಯನ್ನು ಮೊದಲೇ ತೋರಿಸಿ ಬರೆಯಿಸಿದರು. ಕೆಲವು ದಿನಗಳ ಮೇಲೆ ನೋಡಿದರೆ ಆ ಮಕ್ಕಳು ಚಿತ್ರ ಬರೆಯುವುದಕ್ಕೆ ವಿನಿಯೋಗಿಸುತ್ತಿದ್ದ ಕಾಲ ಉಳಿದವರದರ ಸುಮಾರು ಅರ್ಧಕ್ಕೆ ಇಳಿದಿತ್ತು. 1998ರಲ್ಲಿ ಮುಲ್ಲರ್ ಮತ್ತು ಡ್ವೆಕ್ ಎಂಬ ವಿದುಷಿಯರು ಪ್ರಕಟಿಸಿದ ಪ್ರಯೋಗಗಳಲ್ಲಿ, "ನೀನು ಬಲು ಜಾಣ" ಎಂದು ಹೊಗಳಿಸಿಕೊಂಡ ಮಕ್ಕಳು ಒಮ್ಮೆ ಸೋತೊಡನೆ ಕಂಗೆಟ್ಟರು. "ಚೆನ್ನಾಗಿ ಶ್ರಮಪಟ್ಟೆ" ಎನ್ನಿಸಿಕೊಂಡವರು ಕಷ್ಟವಾದ ಲೆಕ್ಕವನ್ನೇ ಕೇಳಿ ತೆಗೆದುಕೊಂಡರು. ಹೊಗಳಿಕೆಯ ಮಾತನ್ನು ಬದಲಿಸಿದ ಮಾತ್ರಕ್ಕೆ ಎಲ್ಲವೂ ಸರಿಹೋಗುವುದೆಂದು ಇದರಿಂದ ತಿಳಿಯಬಾರದು. ಅನಂತರದ ದೊಡ್ಡ ಪರೀಕ್ಷೆಗಳಲ್ಲಿ ಈ ಬಗೆಯ ಬೋಧನೆಯ ಪರಿಣಾಮ ಸಾಧಾರಣವಾಗಿಯೇ ಕಂಡಿದೆ. ಬಾಯಿಮಾತಿನಲ್ಲಿ ಶ್ರಮವನ್ನು ಹೊಗಳಿ ಅಂಕಪಟ್ಟಿಯಲ್ಲಿ ಮೊದಲನೆಯವನನ್ನೇ ಮೆರೆಸಿದರೆ ಮಕ್ಕಳು ಮೋಸಹೋಗುವುದಿಲ್ಲ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಒಬ್ಬೊಬ್ಬರಿಗೂ ಒಂದೊಂದು ಅಳತೆಯಾದರೆ ಅಳತೆಯೇ ಕುಗ್ಗಿಹೋಗುವುದಿಲ್ಲವೆ? ಬಡವರ ಮಕ್ಕಳಿಗೆ ಇಷ್ಟು ಸಾಕೆಂಬ ಕರುಣೆಯಾಗಿ ಇದು ಮುಗಿಯುವುದಿಲ್ಲವೆ? ಈ ಶಂಕೆ ನ್ಯಾಯವಾದುದು. ಇದಕ್ಕೆ ಉತ್ತರವನ್ನು ಶಾಲೆಯಲ್ಲಲ್ಲ, ಸಾಗರದ ಬಳಿಯ ಹೆಗ್ಗೋಡಿನಲ್ಲಿ ನೋಡಬಹುದು. 1949ರಲ್ಲಿ ಅಲ್ಲಿ ಹುಟ್ಟಿದ ನೀನಾಸಮ್, ಕೆ. ವಿ. ಸುಬ್ಬಣ್ಣನವರ ಮುಂದಾಳುತನದಲ್ಲಿ ಹಳ್ಳಿಯ ಜನರಿಗೆ ಹಳ್ಳಿಗೆ ತಕ್ಕುದಷ್ಟೇ ಸಾಕೆಂದು ಕೂರಲಿಲ್ಲ. ಅಡಿಕೆ ತೋಟದ ಕೆಲಸ ಮುಗಿಸಿ ಬಂದವರ ಮುಂದೆ ಶೇಕ್ಸ್‌ಪಿಯರನನ್ನೂ ಸತ್ಯಜಿತ್ ರಾಯ್, ಕುರೊಸಾವಾ ಅವರ ಚಿತ್ರಗಳನ್ನೂ ತಂದಿಟ್ಟಿತು. ಜನ ನೋಡಿದರು, ಚರ್ಚಿಸಿದರು. 1980ರಲ್ಲಿ ಅಲ್ಲಿಯೇ ರಂಗಶಿಕ್ಷಣ ಕೇಂದ್ರ ನಡೆಯತೊಡಗಿತು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. ಏಣಿಯನ್ನು ಗಿಡ್ಡ ಮಾಡಬೇಕಾಗಿಲ್ಲ. ಮೆಟ್ಟಿಲುಗಳನ್ನು ಹತ್ತಿರ ಹತ್ತಿರ ಇಡಬೇಕು.

ನಲಿಕಲಿಯಲ್ಲಿ ಕೊರತೆಗಳಿಲ್ಲವೆಂದಲ್ಲ. ಮಳೆಗಾಲದ ಥಂಡಿಗೆ ಕಾರ್ಡುಗಳು ಮೆತ್ತಗಾಗಿ ಹರಿಯುತ್ತವೆ. ಬಿಸಿಯೂಟದ ಲೆಕ್ಕ, ಜನಗಣತಿ, ಚುನಾವಣೆ ಎಂದು ಉಪಾಧ್ಯಾಯರ ಕಾಲವೂ ಹರಿದು ಹಂಚಿಹೋಗುತ್ತದೆ. ಉತ್ಸಾಹವಿಲ್ಲದ ಕೈಗೆ ಸಿಕ್ಕರೆ ಏಣಿಯೂ ಗೋಡೆಯ ಅಲಂಕಾರವಾಗಿ ಉಳಿಯುತ್ತದೆ. ಆದರೂ ಅದು ಮಾಡಿರುವ ಒಂದು ಉಪಕಾರವನ್ನು ಮರೆಯಲಾಗದು. ಕೊಯ್ಲಿಗೆಂದೋ ಜ್ವರದಿಂದಲೋ ಎರಡು ವಾರ ನಿಂತ ಹುಡುಗಿ ಮರಳಿ ಬಂದಾಗ ಅವಳ ಮೆಟ್ಟಿಲು ಅವಳಿಗಾಗಿ ಕಾದಿರುತ್ತದೆ. ಬಿಟ್ಟಲ್ಲಿಂದ ಕಾರ್ಡನ್ನೆತ್ತಿಕೊಂಡು ಕುಳಿತುಕೊಳ್ಳುತ್ತಾಳೆ; ಯಾರೂ ಅವಳನ್ನು ಹಿಂದುಳಿದವಳೆಂದು ಕರೆಯುವುದಿಲ್ಲ.

ಈ ಭಾಗ್ಯ ಮೂರನೆಯ ತರಗತಿಯವರೆಗೆ ಮಾತ್ರ. ನಾಲ್ಕನೆಯದಕ್ಕೆ ಕಾಲಿಟ್ಟೊಡನೆ ಏಣಿ ಇಲ್ಲ, ಚಪ್ಪರವಿಲ್ಲ. ಎಲ್ಲರಿಗೂ ಒಂದೇ ಪುಟ, ಒಂದೇ ಪರೀಕ್ಷೆ. ಅದೇ ಹುಡುಗಿ ಮುಂದಿನ ಕೊಯ್ಲಿನಲ್ಲಿ ಮತ್ತೆ ಎರಡು ವಾರ ನಿಂತರೆ, ಅವಳು ಬಿಟ್ಟ ಪುಟವನ್ನು ಗುರುತಿಟ್ಟುಕೊಂಡಿರುವವರು ನಾಲ್ಕನೆಯ ತರಗತಿಯ ಉಪಾಧ್ಯಾಯರಲ್ಲದೆ ಬೇರೆ ಯಾರೂ ಇಲ್ಲ. ಅದಕ್ಕೆ ಇಲಾಖೆಯ ಅಪ್ಪಣೆಯೇನೂ ಬೇಕಾಗಿಲ್ಲ. ಒಂದು ದಪ್ಪ ನೋಟುಪುಸ್ತಕ, ಮಗುವಿಗೊಂದು ಹಾಳೆ, ವಾರಕ್ಕೊಮ್ಮೆ ಮಗುವನ್ನು ಬಳಿಗೆ ಕರೆದು ಇಬ್ಬರೂ ಸೇರಿ ಅದನ್ನು ನೋಡುವಷ್ಟು ಬಿಡುವು.