ಮಳೆಯಲ್ಲಿ ಸಾವಿರ ಕಿಲೋಮೀಟರ್

ಮಳೆಯ ಬಗ್ಗೆ ಉಪನ್ಯಾಸ ಕೊಡಲು ಅರಸೀಕೆರೆಗೆ ಬಂದಿದ್ದೇನೆ ಅಂದಾಗ ಮನೆಯಲ್ಲೇ ನಕ್ಕರು. ಮುಂಗಾರಿನ ಮೋಡ ಮೂಡಿಗೆರೆ, ಸಕಲೇಶಪುರದಲ್ಲೇ ಮೈ ಕೊಡವಿಕೊಂಡು, ಬೇಲೂರಿಗೆ ಒಂದಿಷ್ಟು ಚೆಲ್ಲಿ, ಹಳೇಬೀಡಿಗೆ ಹನಿ ಹಾಕಿ, ನಮಗೆ ಬರೀ ನೆರಳು ಕೊಟ್ಟು ಹೋಗುತ್ತದೆ. ಇರಲಿ. ಇವತ್ತಿನ ವಿಷಯ ಮಳೆಯಲ್ಲಿ ಓಡಿದ ಹಳೇ ಕಾರುಗಳು.

ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಆಷಾಢದಲ್ಲಿ ಸೋದರಮಾವನ ಜೊತೆ ಚಿಕ್ಕಮಗಳೂರಿಗೆ ಹೊರಟೆ. ಕಾರು ಪ್ರೀಮಿಯರ್ ಪದ್ಮಿನಿ. ಅದು ಕಾಗದದಲ್ಲಿನ ಹೆಸರು, ನಮ್ಮ ಬಾಯಲ್ಲಿ ಫಿಯೆಟ್ಟೇ. ಜಾವಗಲ್ ದಾಟುವವರೆಗೂ ಗಾಜು ಇಳಿಸಿಕೊಂಡು ಧೂಳು ಕುಡಿದೆವು. ಬೇಲೂರು ಬಿಟ್ಟಿದ್ದೇ ತಡ, ಮಳೆ ಹಿಡಿಯಿತು. ಮೊದಲು ವೈಪರ್ ಕೈಕೊಟ್ಟಿತು. ಮಾವ ಇಳಿದು, ಜೇಬಿನಿಂದ ಎರಡು ಬೀಡಿ ತೆಗೆದು ಮುರಿದು, ಒಳಗಿನ ಹೊಗೆಸೊಪ್ಪನ್ನು ಗಾಜಿನ ಮೇಲೆ ಉಜ್ಜಿದರು. ಹನಿ ಹನಿಯಾಗಿ ಕೂರುತ್ತಿದ್ದ ನೀರು ಹಾಳೆಯ ಹಾಗೆ ಜಾರಿತು, ದಾರಿ ಕಂಡಿತು. ಮುಂದೆ ಮೋರಿಯ ಮೇಲೆ ಕೆಂಪು ನೀರು, ಅರ್ಧ ಚಕ್ರ ಮುಳುಗುವಷ್ಟು. ಬಾನೆಟ್ ಎತ್ತಿ ಫ್ಯಾನ್ ಬೆಲ್ಟ್ ಕಳಚಿದರು.

“ಅದ್ಯಾಕೆ ಮಾವ?”

“ಫ್ಯಾನ್ ತಿರುಗಿದ್ರೆ ನೀರನ್ನೆಲ್ಲಾ ಇಂಜಿನ್ ಮೇಲೆ ಎರಚುತ್ತೆ ಕಣೋ. ಡಿಸ್ಟ್ರಿಬ್ಯೂಟರ್ ನೆಂದ್ರೆ ಇವತ್ತು ರಾತ್ರಿ ಇಲ್ಲೇ.”

ಫಸ್ಟ್ ಗೇರಿನಲ್ಲಿ, ಕಾಲು ತೆಗೆಯದೆ, ಹೆಚ್ಚೂ ಒತ್ತದೆ ದಾಟಿಸಿದರು. 1089 ಸಿಸಿ ಇಂಜಿನ್, ನಲವತ್ತರ ಆಸುಪಾಸು ಕುದುರೆಶಕ್ತಿ. ಆಚೆ ದಡದಲ್ಲಿ ದೊಡ್ಡ ದೊಡ್ಡ ಗಾಡಿಗಳು ಕೆಟ್ಟು ನಿಂತಿದ್ದವು.

ಈಗ ಇಂಗ್ಲೆಂಡಿಗೆ ಹೋಗೋಣ. 1970ರ ಏಪ್ರಿಲ್ 12, ಬ್ರ್ಯಾಂಡ್ಸ್ ಹ್ಯಾಚ್ ಟ್ರ್ಯಾಕಿನಲ್ಲಿ ಸಾವಿರ ಕಿಲೋಮೀಟರಿನ ರೇಸ್, 235 ಸುತ್ತು. ಧಾರಾಕಾರ ಮಳೆ. ಮೆಕ್ಸಿಕೋದ ಪೆಡ್ರೊ ರೊಡ್ರಿಗೆಸ್ ಕೈಯಲ್ಲಿ ಪೋರ್ಷೆ 917: ಹನ್ನೆರಡು ಸಿಲಿಂಡರ್, ನಾಲ್ಕೂವರೆ ಲೀಟರ್ ಇಂಜಿನ್, 550ಕ್ಕೂ ಮೀರಿದ ಕುದುರೆಶಕ್ತಿ. ಒಣ ರಸ್ತೆಯಲ್ಲೇ ಚಾಲಕರು ಹೆದರುತ್ತಿದ್ದ ಕಾರು ಅದು. ಶುರುವಿನಲ್ಲೇ ಒಂದು ಅಪಘಾತವಾಗಿ ಹಳದಿ ಬಾವುಟ ಬೀಸಿದರು. ಬಾವುಟ ಇರುವಾಗ ಮುಂದಿನವರನ್ನು ಹಿಂದೆ ಹಾಕುವ ಹಾಗಿಲ್ಲ. ಈತ ಹಾಕಿಬಿಟ್ಟ. ಪಿಟ್ಟಿಗೆ ಕರೆಸಿ, ಮಳೆಯಲ್ಲೇ ಕಾರು ನಿಲ್ಲಿಸಿ, ಹೆಡ್‌ಮಾಸ್ಟರ ಹಾಗೆ ಬೈದು ಕಳಿಸಿದರು. ಎದುರು ಮಾತಾಡಲಿಲ್ಲವಂತೆ. ಹಿಂದೆ ಬಿದ್ದವನು ಒಬ್ಬೊಬ್ಬರನ್ನೇ ಹಿಡಿದು ದಾಟಿ, ಆರೂ ಮುಕ್ಕಾಲು ಗಂಟೆಯ ಓಟವನ್ನು ಐದು ಸುತ್ತುಗಳ ಅಂತರದಲ್ಲಿ ಗೆದ್ದ. ಜೊತೆಗಾರ ಫಿನ್ಲೆಂಡಿನ ಲಿಯೊ ಕಿನ್ನುನೆನ್ ಓಡಿಸಿದ್ದು ಸ್ವಲ್ಪ ಹೊತ್ತು ಮಾತ್ರ. ಅದೇ ಜೂನ್‌ನಲ್ಲಿ ಫ್ರಾನ್ಸಿನ ಲ ಮಾನ್‌ನಲ್ಲಿ 24 ಗಂಟೆಯ ರೇಸಿಗೂ ಮಳೆ ಬಂತು. 51 ಕಾರು ಹೊರಟು, ಕೊನೆಗೆ ಫಲಿತಾಂಶದ ಪಟ್ಟಿ ಸೇರಿದ್ದು ಏಳೇ ಏಳು.

ಇದನ್ನೆಲ್ಲ ಧೈರ್ಯ ಅಂತ ಬರೆಯುತ್ತಾರೆ. ನಾನು ಒಪ್ಪುವುದಿಲ್ಲ. ರೇಸ್ ಕಾರಿನ ಟೈರು ಅಗಲ. ಒಣ ರಸ್ತೆಯಲ್ಲಿ ಅದೇ ಅದರ ಹಿಡಿತ. ನೀರು ನಿಂತಲ್ಲಿ ವೇಗವಾಗಿ ಹೋದರೆ ಟೈರಿನಡಿಯ ನೀರಿಗೆ ಪಕ್ಕಕ್ಕೆ ಸರಿಯಲು ಪುರುಸೊತ್ತಿಲ್ಲ, ಚಕ್ರ ನೀರಿನ ಮೇಲೇರಿ ತೇಲುತ್ತದೆ. ಸ್ಟೀರಿಂಗ್ ಇದ್ದಕ್ಕಿದ್ದ ಹಾಗೆ ಹಗುರಾಗುತ್ತದೆ, ಬ್ರೇಕು ಇದ್ದೂ ಇಲ್ಲ. ಫಿಯೆಟ್ಟಿನ ಸಣಕಲು ಟೈರು ನೀರನ್ನು ಸೀಳಿಕೊಂಡು ನೆಲ ಮುಟ್ಟುತ್ತಿತ್ತು. ರೊಡ್ರಿಗೆಸ್‌ಗೆ ಆ ಅನುಕೂಲವಿಲ್ಲ. ಅವನು ಪ್ರತಿ ಸುತ್ತಿನಲ್ಲೂ ನೀರು ಎಲ್ಲಿ ಹರಿಯುತ್ತಿದೆ, ಎಲ್ಲಿ ನಿಂತಿದೆ ಅಂತ ಓದಬೇಕು, ಎಲ್ಲರೂ ಓಡಿ ನುಣುಪಾದ ದಾರಿ ಬಿಟ್ಟು ಒರಟು ಡಾಂಬರು ಹುಡುಕಬೇಕು.

ನೀರು ಓದುವುದು ಈ ಸೀಮೆಯವರಿಗೆ ಹೊಸದೇನಲ್ಲ. ಬೇಲೂರಿನಲ್ಲಿ ಶಿಲಾಬಾಲಿಕೆಯರನ್ನು ನೋಡುವವರು ಅವರ ತಲೆಯ ಮೇಲೆ ಮುಂದಕ್ಕೆ ಚಾಚಿದ ಸೂರನ್ನು ನೋಡುವುದಿಲ್ಲ. ಮಳೆನೀರು ಗೋಡೆಯ ಮೇಲೆ ಇಳಿಯದೆ ದೂರ ಬೀಳುವುದು ಅದರಿಂದಲೇ. 1117ರ ಕೆಲಸ.

ನಮ್ಮ ಕಡೆ ಟ್ರ್ಯಾಕಿಗಿಂತ ರ‍್ಯಾಲಿಯೇ ಹೆಚ್ಚು. ಬೆಂಗಳೂರಿನ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000 ಹೆಸರಿನಲ್ಲೇ ಸಾವಿರವಿದೆ. ಬೇಲೂರಿನಿಂದ ಇಪ್ಪತ್ತೈದು ಕಿಲೋಮೀಟರ್ ಆಚೆ, ಚಿಕ್ಕಮಗಳೂರಿನ ಕಾಫಿ ತೋಟದ ಮಣ್ಣುದಾರಿಗಳಲ್ಲಿ ಏಷ್ಯಾ ಪೆಸಿಫಿಕ್ ಚಾಂಪಿಯನ್‌ಶಿಪ್ಪಿನ ಸುತ್ತೇ ನಡೆದಿದೆ. ಆ ಚಾಂಪಿಯನ್‌ಶಿಪ್ಪನ್ನು 2013, 2016, 2017ರಲ್ಲಿ ಗೆದ್ದ ಗೌರವ್ ಗಿಲ್‌ಗೆ 2019ರಲ್ಲಿ ಅರ್ಜುನ ಪ್ರಶಸ್ತಿ ಬಂತು, ಮೋಟಾರ್ ಕ್ರೀಡೆಗೆ ಮೊದಲನೆಯದು. ಚಾಲಕರ ಹೆಸರು ಪೇಪರಿನಲ್ಲಿ ಬರುತ್ತದೆ. ಪಕ್ಕದ ಸೀಟಿನ ನ್ಯಾವಿಗೇಟರನ್ನು ಯಾರು ಕೇಳುತ್ತಾರೆ? ನಮ್ಮ ಕಾಸರಗೋಡಿನ ಮೂಸಾ ಶರೀಫ್ ದಶಕಗಳಿಂದ ಆ ಸೀಟಿನಲ್ಲಿದ್ದಾರೆ. ತಿರುವು ಎಷ್ಟು ಚೂಪು, ದಿಣ್ಣೆಯ ಆಚೆ ಏನಿದೆ ಅಂತ ಮೊದಲೇ ಬರೆದುಕೊಂಡು, ಕುಲುಕಾಟದಲ್ಲಿ ಸಾಲು ತಪ್ಪದೆ ಓದುವ ಕೆಲಸ. ಮಳೆ ಬಂದರೆ ಬರೆದುಕೊಂಡಿದ್ದೂ ಅರ್ಧ ಸುಳ್ಳಾಗುತ್ತದೆ.

ದೀಪ ಆರಿಸಿ, ಬ್ರ್ಯಾಂಡ್ಸ್ ಹ್ಯಾಚಿನ ತುಣುಕು ಹಾಕುತ್ತಾರೆ. ತಿಳಿನೀಲಿ ಬಣ್ಣಕ್ಕೆ ಕಿತ್ತಳೆ ಪಟ್ಟಿಯ ಹತ್ತನೇ ನಂಬರ್ ಕಾರು ಬಂದಾಗ ವೇಗ ನೋಡಬೇಡಿ, ಹಿಂದಿನ ಚಕ್ರ ಎಲ್ಲಿ ಹೋಗುತ್ತಿದೆ ಅಂತ ನೋಡಿ.