ಜೇಡಿಮಣ್ಣಿಗೆ ಒಗ್ಗುವ ನೆರಳಿನ ಮರ

(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಸಂಸ್ಥೆಯ ಸಿಸ್ಟರ್ ಒಬ್ಬರು ಮಾಡಿದ ಭಾಷಣ)



ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಅಂದರೆ ತೆಂಗಿನ ಸೀಮೆ. ಎಲ್ಲಿ ನೋಡಿದರೂ ಮರವೇ. ಆದರೂ ಏಪ್ರಿಲ್ ತಿಂಗಳ ಮಧ್ಯಾಹ್ನ ಕೊಬ್ಬರಿ ಕೆಲಸಕ್ಕೆ ಕೂತ ಹೆಣ್ಣುಮಕ್ಕಳನ್ನು, ಬಸ್ಸಿಗೆ ಕಾಯುವ ಬಾಣಂತಿಯನ್ನು ಕೇಳಿ, ನೆರಳು ಎಲ್ಲಿದೆ ಅಂತ. ತೆಂಗಿನ ನೆರಳು ಗಳಿಗೆಗೊಂದು ಕಡೆ ಸರಿಯುತ್ತೆ. ಗರಿಯೋ ಕಾಯಿಯೋ ತಲೆ ಮೇಲೆ ಬೀಳುವ ಭಯ ಬೇರೆ. ಆದ್ದರಿಂದ ಕೂರುವ ಜಾಗಕ್ಕೆ ಬೇರೆ ಮರವೇ ಬೇಕು.

ನಮ್ಮ ಕಡೆ ಹೆಚ್ಚಿನದು ಕೆಂಪು ಮಣ್ಣು. ಅಲ್ಲಿ ಅಷ್ಟು ತೊಂದರೆ ಇಲ್ಲ. ಕಷ್ಟ ಇರುವುದು ಕೆರೆ ಕೆಳಗಿನ ಜೇಡಿಮಣ್ಣಿನಲ್ಲಿ. ನಾನೇ ಮಾಡಿದ ತಪ್ಪು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಅಂಥ ಜಾಗದಲ್ಲಿ ಬೇವು, ಸಿಲ್ವರ್ ಓಕ್ ಸಸಿ ನೆಡಿಸಿದೆ. ಆಳವಾಗಿ ಗುಂಡಿ ತೋಡಿ, ಕೆಮ್ಮಣ್ಣು, ಗೊಬ್ಬರ ತುಂಬಿದೆವು. ಫೋಟೋನೂ ತೆಗೆಸಿಕೊಂಡೆವು. ಮಳೆ ಹಿಡಿಯಿತು. ಗುಂಡಿಯಲ್ಲಿ ನೀರು ನಿಂತು, ಬೇರು ಕೊಳೆತು, ಬಹುಪಾಲು ಸಸಿ ಸತ್ತವು. "ಅದು ಬಾಣಲೆ ಇದ್ದಂಗೆ ಸಿಸ್ಟರ್, ನೀರು ಎಲ್ಲಿಗೆ ಹೋಗ್ತದೆ?" ಅಂದರು ಒಬ್ಬ ಅಜ್ಜಿ. ಆ ಅಜ್ಜಿಯನ್ನು ನಾನು ಮೊದಲೇ ಕೇಳಬೇಕಿತ್ತು.

ಹಾಗಾಗಿ ಸಸಿ ತರುವ ಮುಂಚೆ ಮಣ್ಣು ನೋಡಿ. ಒದ್ದೆ ಮಣ್ಣನ್ನು ಹೊಸೆದು ಬಳೆಯಂತೆ ಬಗ್ಗಿಸಿ. ಬಿರುಕು ಬಿಡದೆ ಬಳೆ ಆದರೆ ಅದು ಗಟ್ಟಿ ಜೇಡಿ. ಆಮೇಲೆ ಒಂದೂವರೆ ಅಡಿ ಗುಂಡಿ ತೆಗೆದು ಸಂಜೆ ನೀರು ತುಂಬಿಸಿ. ಬೆಳಿಗ್ಗೆಯೂ ನೀರು ನಿಂತಿದ್ದರೆ ಬೇವು, ಹಲಸು, ಹುಣಸೆ ಅಲ್ಲಿ ಬೇಡ. ಅವು ನೀರು ಬಸಿಯುವ ಎತ್ತರದ ಜಾಗಕ್ಕೆ ಇರಲಿ.

ಜೇಡಿಗೆ ಮೊದಲ ಮರ ಹೊಂಗೆ. ನೀರು ನಿಂತರೂ ತಾಳುತ್ತೆ, ಬರ ಬಂದರೂ ತಾಳುತ್ತೆ. ಬೇಸಿಗೆಯ ಮೊದಲಲ್ಲಿ ಎಲೆ ಉದುರಿಸಿ ಬೇಗನೆ ಚಿಗುರುತ್ತೆ, ಬಿಸಿಲು ಏರುವ ಹೊತ್ತಿಗೆ ನೆರಳು ಸಿದ್ಧ. ದನ ಅಷ್ಟಾಗಿ ಬಾಯಿ ಹಾಕುವುದಿಲ್ಲ. ಬೀಜದಿಂದ ಎಣ್ಣೆ, ಹಿಂಡಿಯಿಂದ ಗೊಬ್ಬರ. ಎರಡನೆಯದು ನೇರಳೆ. ಶಾಲೆ, ಅಂಗನವಾಡಿ ಮಕ್ಕಳಿಗೆ ಹಣ್ಣೂ ಆಯಿತು. ಕಣದ ಪಕ್ಕ ಬೇಡ, ಹಣ್ಣು ಬಿದ್ದು ಕರೆಯಾಗುತ್ತೆ. ಕೆರೆ, ಹಳ್ಳದ ದಡದಲ್ಲಿ ದೊಡ್ಡ ಜಾಗವಿದ್ದರೆ ಹೊಳೆಮತ್ತಿ. ಕರಿಜಾಲಿಯೂ ಜೇಡಿಯಲ್ಲಿ ಚೆನ್ನಾಗಿ ಬರುತ್ತೆ, ಆದರೆ ಮುಳ್ಳಿನ ಕೆಳಗೆ ಮಕ್ಕಳನ್ನು ಕೂರಿಸಲಾಗದು. ಮೇ ಫ್ಲವರ್ ನೋಡಲು ಚಂದ. ಬೇಸಿಗೆಯಲ್ಲಿ ಎಲೆ ಕಡಿಮೆ, ಗಾಳಿಗೆ ಕೊಂಬೆ ಮುರಿಯುತ್ತೆ.

ನೆಡುವ ಕ್ರಮವೂ ಮುಖ್ಯ. ಗುಂಡಿ ಆಳಕ್ಕಿಂತ ಅಗಲವಾಗಿರಲಿ. ಪಕ್ಕದ ಗೋಡೆಯನ್ನು ಹಾರೆಯಿಂದ ಕೆದಕಿ, ಇಲ್ಲದಿದ್ದರೆ ಬೇರು ಒಳಗೇ ಸುತ್ತುತ್ತೆ. ತೆಗೆದ ಮಣ್ಣನ್ನೇ ತುಂಬಿ, ನೆಲಮಟ್ಟಕ್ಕಿಂತ ಗೇಣುದ್ದ ದಿಬ್ಬ ಮಾಡಿ ಅದರ ಮೇಲೆ ನೆಡಿ. ಕೆಸರಿನಲ್ಲಿ ತುಳಿಯಬೇಡಿ. ಬೇಸಿಗೆಯಲ್ಲಿ ಜೇಡಿ ಬಾಯಿ ಬಿಟ್ಟು ಎಳೆ ಬೇರು ಹರಿಯುತ್ತೆ. ಅದಕ್ಕೆ ತೆಂಗಿನ ಸಿಪ್ಪೆ ಮುಚ್ಚಿ. ನಮ್ಮಲ್ಲಿ ಸಿಪ್ಪೆಗೇನು ಬರವೇ? ಕಾಂಡಕ್ಕೆ ಮಾತ್ರ ತಾಗಿಸಬೇಡಿ. ಮನೆ ಗೋಡೆಯಿಂದ 20 ಅಡಿಯಾದರೂ ದೂರವಿರಲಿ.

ನಮ್ಮ ಪಕ್ಕದ ಗುಬ್ಬಿ ತಾಲ್ಲೂಕಿನಲ್ಲಿ ಹುಟ್ಟಿದ ಸಾಲುಮರದ ತಿಮ್ಮಕ್ಕನವರು 2025ರ ನವೆಂಬರ್‌ನಲ್ಲಿ ತೀರಿಕೊಂಡರು. ಹುಲಿಕಲ್–ಕುದೂರು ರಸ್ತೆಯಲ್ಲಿ ಅವರೂ ಗಂಡ ಚಿಕ್ಕಯ್ಯನವರೂ ಆಲದ ಸಸಿ ನೆಟ್ಟದ್ದು ನಮಗೆ ಗೊತ್ತು. ಬಿಂದಿಗೆಯಲ್ಲಿ ನೀರು ಹೊತ್ತದ್ದನ್ನು, ಮುಳ್ಳಿನ ಬೇಲಿ ಕಟ್ಟಿದ್ದನ್ನು ಮರೆಯುತ್ತೇವೆ. ಪೋಪ್ ಫ್ರಾನ್ಸಿಸ್‌ರವರು 2015ರ ತಮ್ಮ ಪತ್ರದಲ್ಲಿ ಭೂಮಿ ನಮ್ಮೆಲ್ಲರ ಮನೆ ಅಂದರು. ಮನೆ ಅಂದ ಮೇಲೆ ದಿನಾ ನೋಡಿಕೊಳ್ಳಬೇಕಲ್ಲವೇ?

ಪ್ರತಿ ಸಂಘವೂ ಈ ಸಭೆಯಲ್ಲೇ ತೀರ್ಮಾನಿಸಲಿ: ಯಾವ ಜಾಗ, ಯಾವ ಮರ, ಯಾವ ವಾರ ಯಾರು ನೀರು ಹಾಕುವುದು. ಪುಸ್ತಕದಲ್ಲಿ ಹೆಸರು ಬರೆಯಿರಿ. ಮೂರನೇ ಬೇಸಿಗೆಗೆ ನಾನು ಬಂದು, ಉಳಿದ ಗಿಡ ಎಣಿಸುತ್ತೇನೆ. ದೇವರು ನಿಮ್ಮ ಕೈಗೆ ಬಲ ಕೊಡಲಿ.