ಥೈಲಿಯಲ್ಲಿ ಐದು ಕೋಟಿ, ಅಂಗಳದಲ್ಲಿ ಏಳು ಮಂದಿ



ವಿಶಾಖಪಟ್ಟಣದಲ್ಲಿ ನೆಲೆಸಿದ ಕನ್ನಡಿಗರಿಗೆ ಕಬಡ್ಡಿ ಬಂತೆಂದರೆ ಒಂದು ಧರ್ಮಸಂಕಟ. ಇರುವ ಊರಿನ ತಂಡ ತೆಲುಗು ಟೈಟನ್ಸ್, ಬಿಟ್ಟುಬಂದ ನಾಡಿನ ತಂಡ ಬೆಂಗಳೂರು ಬುಲ್ಸ್. 2025ರ ಆಗಸ್ಟ್ 29ರಂದು ಪ್ರೊ ಕಬಡ್ಡಿಯ ಹನ್ನೆರಡನೆಯ ಆವೃತ್ತಿ ಇಲ್ಲಿನ ವಿಶ್ವನಾಥ್ ಸ್ಪೋರ್ಟ್ಸ್ ಕ್ಲಬ್ಬಿನಲ್ಲಿ ಆರಂಭವಾದಾಗ ಮೊದಲ ರಾತ್ರಿಯೇ ಎರಡೂ ತಂಡಗಳು ಕಣಕ್ಕಿಳಿದವು, ಎರಡೂ ಸೋತವು. ಟೈಟನ್ಸ್ ತಂಡವನ್ನು ತಮಿಳ್ ತಲೈವಾಸ್ 38-35ರಿಂದ ಸೋಲಿಸಿತು. ಬುಲ್ಸ್ ತಂಡ ಪುಣೆಯೊಂದಿಗೆ 32-32ರ ಸಮಬಲ ಸಾಧಿಸಿ, ಟೈಬ್ರೇಕರ್‌ನಲ್ಲಿ ಕೈಚೆಲ್ಲಿತು.

ಆ ರಾತ್ರಿ ತಲೈವಾಸ್ ನಾಯಕನಾಗಿ ಆಡಿದವರು ಯಾರು ಗೊತ್ತೇ? ಪವನ್ ಸೆಹ್ರಾವತ್. ಅದಕ್ಕೂ ಹಿಂದಿನ ಎರಡು ಆವೃತ್ತಿಗಳಲ್ಲಿ ಟೈಟನ್ಸ್ ಅಂಗಿ ತೊಟ್ಟವರು. ಅದಕ್ಕೂ ಮೊದಲು ನಮ್ಮ ಬುಲ್ಸ್ ತಂಡದ ಕಣ್ಮಣಿ. 2019ರ ಜನವರಿಯಲ್ಲಿ ಬುಲ್ಸ್ ಕಪ್ ಗೆದ್ದ ಫೈನಲ್‌ನಲ್ಲಿ ಒಬ್ಬರೇ 22 ಅಂಕ ತಂದವರು. ಇಂಥ ಆಟಗಾರನನ್ನು ಟೈಟನ್ಸ್ ಏಕೆ ಕೈಬಿಟ್ಟಿತು? ಆಟವಿಲ್ಲದ ತಿಂಗಳುಗಳಲ್ಲಿ, ಅಂಗಳದ ಹೊರಗೆ, ಲೆಕ್ಕದ ಪುಸ್ತಕ ಹಿಡಿದು ಆಡುವ ಆ ಇನ್ನೊಂದು ಆಟದ ಬಗ್ಗೆ ಇವತ್ತು ಎರಡು ಮಾತು.

ಪ್ರೊ ಕಬಡ್ಡಿಯಲ್ಲಿ ಯಾವ ಮಾಲೀಕ ಎಷ್ಟೇ ಸಿರಿವಂತನಾಗಿರಲಿ, ಆಟಗಾರರಿಗೆ ಖರ್ಚು ಮಾಡಲು ಒಂದು ಮಿತಿ ಉಂಟು. 2023ರಿಂದ ಆ ಮಿತಿ ತಂಡಕ್ಕೆ 5 ಕೋಟಿ ರೂಪಾಯಿ. ಹಳಬರಲ್ಲಿ ಯಾರನ್ನು ಉಳಿಸಿಕೊಂಡರೂ ಅವರ ಸಂಬಳ ಇದೇ ಥೈಲಿಯಿಂದ ಹೋಗಬೇಕು. 2023ರ ಹರಾಜಿನ ನಿಯಮದಂತೆ ತಂಡದಲ್ಲಿ ಕನಿಷ್ಠ 18 ಜನ ಇರಬೇಕಿತ್ತು. ಆಟಗಾರರಿಗೆ ನಾಲ್ಕು ದರ್ಜೆ: ಮೇಲಿನ ದರ್ಜೆಯ ಮೂಲ ಬೆಲೆ 30 ಲಕ್ಷ, ಕೆಳಗಿನದು 9 ಲಕ್ಷ. ಬಿಟ್ಟುಕೊಟ್ಟ ಆಟಗಾರನಿಗೆ ಬೇರೆಯವರು ಕೂಗಿದ ಕೊನೆಯ ಬೆಲೆಯನ್ನು ತಾನೇ ಕೊಟ್ಟು ಹಳೆಯ ತಂಡ ಮರಳಿ ಪಡೆಯುವ ದಾರಿಯೂ ಇದೆ. ಅದಕ್ಕೆ ಫೈನಲ್ ಬಿಡ್ ಮ್ಯಾಚ್ ಎಂದು ಹೆಸರು.

ಈ ಮಿತಿಯ ಪದ್ಧತಿ ಕಬಡ್ಡಿಯವರ ಸ್ವಂತದ್ದಲ್ಲ. ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ 1984-85ರಲ್ಲಿ ತಂಡಕ್ಕೆ 36 ಲಕ್ಷ ಡಾಲರ್ ಎಂದು ಗೆರೆ ಎಳೆಯಿತು. 2024-25ರ ಹೊತ್ತಿಗೆ ಅದು 14 ಕೋಟಿ ಡಾಲರ್ ದಾಟಿತ್ತು. ಮೊತ್ತ ಬೇರೆ, ಉದ್ದೇಶ ಒಂದೇ: ದುಡ್ಡಿದ್ದವನೇ ಎಲ್ಲ ಒಳ್ಳೆಯ ಆಟಗಾರರನ್ನು ಬಾಚಿಕೊಳ್ಳಬಾರದು. ಆದರೆ ಎನ್‌ಬಿಎಯಲ್ಲಿ ಸ್ವಂತ ಆಟಗಾರರನ್ನು ಉಳಿಸಿಕೊಳ್ಳಲು ಗೆರೆ ದಾಟುವ ಕೆಲವು ರಿಯಾಯಿತಿಗಳಿವೆ. ಇಲ್ಲಿ ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು.

ಈಗ ಟೈಟನ್ಸ್ ಲೆಕ್ಕಕ್ಕೆ ಬರೋಣ. ದೊಡ್ಡ ರೈಡರ್ ಒಬ್ಬನ ಮೇಲೆ ಹಣ ಸುರಿಯುವುದು ಈ ತಂಡದ ಹಳೆಯ ಅಭ್ಯಾಸ. 2018ರಲ್ಲಿ ರಾಹುಲ್ ಚೌಧರಿಗೆ 1 ಕೋಟಿ 29 ಲಕ್ಷ. 2019ರಲ್ಲಿ ಸಿದ್ಧಾರ್ಥ್ ದೇಸಾಯಿಗೆ 1 ಕೋಟಿ 45 ಲಕ್ಷ. 2021ರ ಹರಾಜಿನಲ್ಲಿ ಅದೇ ಸಿದ್ಧಾರ್ಥ್‌ಗೆ ಮತ್ತೆ 1 ಕೋಟಿ 30 ಲಕ್ಷ. ಆ ಬಾರಿ ಅವರು ಆರಂಭದಲ್ಲೇ ಗಾಯಗೊಂಡು ಹೊರಬಿದ್ದರು, ಟೈಟನ್ಸ್ 22 ಪಂದ್ಯಗಳಲ್ಲಿ ಗೆದ್ದದ್ದು ಒಂದೇ ಒಂದು.

2023ರ ಹರಾಜಿನಲ್ಲಿ ಪವನ್ ಅವರಿಗೆ ಟೈಟನ್ಸ್ ಕೊಟ್ಟದ್ದು 2 ಕೋಟಿ 60 ಲಕ್ಷ 50 ಸಾವಿರ, ಅಂದರೆ ಥೈಲಿಯ ಅರ್ಧಕ್ಕಿಂತ ಹೆಚ್ಚು. ಉಳಿದದ್ದನ್ನು ಇನ್ನುಳಿದ 17 ಜನರಿಗೆ ಹಂಚಿ ನೋಡಿ, ತಲೆಗೆ ಸುಮಾರು 14 ಲಕ್ಷ ಬರುತ್ತದೆ. ಪವನ್ ಆಡಿದರು, ಅಂಕ ತಂದರು. ಆದರೆ ಕಬಡ್ಡಿಯಲ್ಲಿ ಏಳು ಮಂದಿ ಇರುತ್ತಾರಲ್ಲ. ಎದುರಾಳಿ ದಾಳಿಗೆ ಬಂದಾಗ ಕಾಲು ಹಿಡಿಯುವ ಕಾರ್ನರ್ ಬೇಕು, ಅಡ್ಡ ಬರುವ ಕವರ್ ಬೇಕು. ರೈಡರ್ ಔಟಾಗಿ ಹೊರಗೆ ಕುಳಿತಾಗ ಅವನಿಗೆ ಜೀವ ತರುವವರು ಉಳಿದವರೇ. 22 ಪಂದ್ಯಗಳಲ್ಲಿ ಗೆಲುವು ಎರಡು, ಸ್ಥಾನ ಕೊನೆಯದು.

ಹಾಗಾದರೆ ದುಬಾರಿ ಆಟಗಾರನನ್ನು ಕೊಳ್ಳುವುದೇ ತಪ್ಪೇ ಎಂದು ನೀವು ಕೇಳಬಹುದು. ಅದೇ ಹರಾಜಿನಲ್ಲಿ ಪುಣೇರಿ ಪಲ್ಟನ್ ಇರಾನಿನ ಮೊಹಮ್ಮದ್‌ರೆಜಾ ಶಾದ್ಲೂಗೆ 2 ಕೋಟಿ 35 ಲಕ್ಷ ಕೊಟ್ಟು ಕಪ್ ಗೆದ್ದಿತು. ಮರುವರ್ಷ ಹರಿಯಾಣ ಸ್ಟೀಲರ್ಸ್ ಅವರನ್ನೇ 2 ಕೋಟಿ 7 ಲಕ್ಷಕ್ಕೆ ಕೊಂಡು, ಅವರೂ ಕಪ್ ಎತ್ತಿದರು. ವ್ಯತ್ಯಾಸ ಎಲ್ಲಿದೆ ನೋಡಿ. ಪುಣೆಯವರ ಬಳಿ ಅಸ್ಲಂ ಇನಾಮ್‌ದಾರ್, ಮೋಹಿತ್ ಗೋಯತ್ ಅವರಂಥ ಹುಡುಗರು ಆಗಲೇ ಇದ್ದರು. ಅವರು ಮನೆ ಕಟ್ಟಿ ಆಮೇಲೆ ಕಳಶ ಇಟ್ಟರು. ಟೈಟನ್ಸ್ ಕಳಶ ಮೊದಲು ತಂದಿತು.

2024ರಲ್ಲಿ ಟೈಟನ್ಸ್ ಪವನ್ ಅವರನ್ನು ಬಿಟ್ಟು, ಹರಾಜಿನಲ್ಲಿ 1 ಕೋಟಿ 72 ಲಕ್ಷ 50 ಸಾವಿರಕ್ಕೆ ಮರಳಿ ಪಡೆಯಿತು. ಒಂದೇ ಹೆಜ್ಜೆಯಲ್ಲಿ ಸುಮಾರು 88 ಲಕ್ಷ ಉಳಿತಾಯ. ಆ ಆವೃತ್ತಿಯಲ್ಲಿ ಪವನ್ ಗಾಯದಿಂದ ಪಂದ್ಯಗಳನ್ನು ಕಳೆದುಕೊಂಡರು. ಆದರೂ ತಂಡ ಕುಸಿಯಲಿಲ್ಲ. ವಿಜಯ್ ಮಲಿಕ್ ಭಾರ ಹೊತ್ತರು, ಗೆಲುವು ಹನ್ನೆರಡಾಯಿತು, ಪ್ಲೇಆಫ್ ಒಂದೇ ಸ್ಥಾನದಿಂದ ತಪ್ಪಿತು.

2025ರ ಹರಾಜಿನಲ್ಲಿ ಟೈಟನ್ಸ್ ಪವನ್ ಅವರಿಲ್ಲದೆ ಹೊರಟಿತು. ಅವರು ತಲೈವಾಸ್‌ಗೆ ಹೋದದ್ದು 59 ಲಕ್ಷ 50 ಸಾವಿರಕ್ಕೆ. ಟೈಟನ್ಸ್ ಹಿಂದೆ ಬುಲ್ಸ್‌ನಲ್ಲಿ ಮಿಂಚಿದ್ದ ಭರತ್ ಹೂಡಾಗೆ 81 ಲಕ್ಷ, ಡಿಫೆಂಡರ್ ಶುಭಂ ಶಿಂಧೆಗೆ 80 ಲಕ್ಷ ಕೊಟ್ಟಿತು, ವಿಜಯ್ ಮಲಿಕ್ ನಾಯಕರಾದರು. ಕೋಟಿಯ ಆಟಗಾರನಿಲ್ಲದ ಆ ತಂಡ ಪ್ಲೇಆಫ್ ತಲುಪಿ, ನಮ್ಮ ಬುಲ್ಸ್ ತಂಡವನ್ನೇ 37-32ರಿಂದ ಮಣಿಸಿ, ಫೈನಲ್‌ಗೆ ಒಂದು ಮೆಟ್ಟಿಲು ಬಾಕಿ ಇರುವಾಗ ಪುಣೆಗೆ ಸೋತಿತು.

ಈ ಲೆಕ್ಕದಲ್ಲಿ ನೋವೂ ಇದೆ. ಎರಡು ವರ್ಷದಲ್ಲಿ ಎರಡೂವರೆ ಕೋಟಿಯಿಂದ ಅರವತ್ತು ಲಕ್ಷದ ಒಳಗೆ ಇಳಿದದ್ದು ಒಬ್ಬ ಮನುಷ್ಯನ ದುಡಿಮೆ. ಆತನ ಮಂಡಿಯ ಗಾಯ, ವಯಸ್ಸು, ಆ ದಿನ ಎದುರು ಕುಳಿತವರ ಥೈಲಿಯಲ್ಲಿ ಉಳಿದ ಹಣ, ಎಲ್ಲವೂ ಸೇರಿ ಆ ಬೆಲೆ ಆಗುತ್ತದೆ. ಹರಾಜಿನ ಬೆಲೆ ಆಟಗಾರನ ಯೋಗ್ಯತೆಯ ಅಳತೆಯಲ್ಲ.

ಹಾಗಾಗಿ ಕೇಳುಗ ಮಿತ್ರರೇ, ಮುಂದಿನ ಹರಾಜಿನ ಮರುದಿನ ಪೇಪರು ಬಿಡಿಸಿದಾಗ ಅತಿ ಹೆಚ್ಚು ಬೆಲೆ ಯಾರಿಗೆ ಎಂದು ನೋಡಿ ಮಡಚಿಡಬೇಡಿ. ಅವನನ್ನು ಕೊಂಡ ಮೇಲೆ ತಂಡದ ಕೈಯಲ್ಲಿ ಎಷ್ಟು ಉಳಿಯಿತು, ಎರಡು ಕಾರ್ನರ್‌ಗಳಲ್ಲಿ ಯಾರು ನಿಲ್ಲುತ್ತಾರೆ, ಅದನ್ನೂ ಹುಡುಕಿ ಓದಿ. ವಿಜಯವಾಡದ ಮಿತ್ರರೇ, ವಿಶಾಖಪಟ್ಟಣಕ್ಕೆ ಮತ್ತೆ ಕಬಡ್ಡಿ ಬಂದಾಗ ರೈಲು ಹತ್ತಿ ಬನ್ನಿ. ಬುಲ್ಸ್ ಮತ್ತು ಟೈಟನ್ಸ್ ಎದುರೆದುರಾದ ದಿನ ನಿಮ್ಮ ಚಪ್ಪಾಳೆ ಯಾರಿಗೆ, ನಮಗೆ ಬರೆದು ತಿಳಿಸಿ.